ಹಟ್ಟಿಯಲ್ಲಿ ಲೇತ್, ಬೈಕಂಪಾಡಿಯಲ್ಲಿ ಮಿಲ್ಲಿಂಗ್

ಮಂಗಳೂರಿನ ಹತ್ತಿರದ ಬಜಪೆ, ಪೆರ್ಮುದೆ, ಎಕ್ಕಾರು ಸುತ್ತಮುತ್ತ ದನ ಸಾಕುವುದನ್ನು ಬಿಟ್ಟ ಮನೆಗಳಲ್ಲಿ ಹಟ್ಟಿಗಳು ಖಾಲಿ ನಿಂತಿವೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಗಟ್ಟಿ ನೆಲ. ಒಂದು ಸಣ್ಣ ವರ್ಕ್‌ಶಾಪಿಗೆ ಇಷ್ಟಿದ್ದರೆ ಧಾರಾಳವಾಯಿತು. ಅದನ್ನು ನಡೆಸಬಲ್ಲ ಕೈಗಳಿಗೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಪಣಂಬೂರಿನ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಬೆನ್ನಿಗೆ ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರನ್ನು ಉಂಡೆ ಕಟ್ಟುವ ಘಟಕ, ಆಮೇಲೆ 1988ರಲ್ಲಿ ಸ್ಥಾಪನೆಯಾದ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಒಂದೊಂದಾಗಿ ಬಂದವು. ಅಲ್ಲೆಲ್ಲ ದುಡಿದು ನಿವೃತ್ತರಾದ ಫಿಟ್ಟರ್‌ಗಳು, ಗಲ್ಫಿನಲ್ಲಿ ವರ್ಷಗಟ್ಟಲೆ ಮೆಷಿನ್ ನಡೆಸಿ ಊರಿಗೆ ಮರಳಿದ ಟರ್ನರ್‌ಗಳು, ಐಟಿಐ ಮುಗಿಸಿ ಬೇರೆ ಉದ್ಯೋಗ ಹಿಡಿದರೂ ಕಬ್ಬಿಣದ ಮೋಹ ಬಿಡದ ತರುಣರು ಇಲ್ಲಿದ್ದಾರೆ. ತೋಟದ ಪಂಪಿಗೆ ಬುಷ್, ಹುಲ್ಲು ಕತ್ತರಿಸುವ ಯಂತ್ರಕ್ಕೆ ಶಾಫ್ಟ್, ಅಡಿಕೆ ಸುಲಿಯುವ ಯಂತ್ರಕ್ಕೆ ರೋಲರ್, ಮದ್ದು ಬಿಡುವ ಪಂಪಿಗೆ ನಟ್ಟು, ಇಂಥವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬ ಆಸೆ ಅವರದು. ಈ ಜಿಲ್ಲೆಯ ಹೊಸ ಯಂತ್ರಗಳು ಬಹುಮಟ್ಟಿಗೆ ಹುಟ್ಟುವುದೂ ತೋಟದ ಮನೆಗಳಲ್ಲೇ. ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರ ಏರುವ ಬೈಕ್ 2019ರಲ್ಲಿ ದೇಶದ ಗಮನ ಸೆಳೆಯಿತು. ಹಾಗಾಗಿ ಮನೆಯೊಳಗಿನ ವರ್ಕ್‌ಶಾಪನ್ನು ಬರೀ ಹವ್ಯಾಸವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಹಟ್ಟಿ ಗುಡಿಸಿ, ನೆಲಕ್ಕೆ ಕಾಂಕ್ರೀಟ್ ಹಾಕಿ, ದುಡ್ಡು ಕೈಗೆ ಬಂದ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ. ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್ ಮೂರನ್ನೂ ಒಂದೇ ಮೈಯಲ್ಲಿ ಹೊತ್ತ ‘ತ್ರೀ-ಇನ್-ಒನ್’ ಮೆಷಿನ್ ಕೊಳ್ಳುವುದೋ, ಅಥವಾ ಬೇರೆಬೇರೆಯಾಗಿ ಒಂದೊಂದನ್ನೇ ಕೂಡಿಸುವುದೋ? ಮೇಲ್ನೋಟಕ್ಕೆ ಮೊದಲನೆಯದೇ ಜಾಣತನ. ಒಂದು ಖರೀದಿ, ಒಂದು ಪಾಯ, ಒಂದು ಕರೆಂಟ್ ಪಾಯಿಂಟ್. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಬಜಪೆಯಲ್ಲಿರುವವನು ಮೊದಲು ಒಳ್ಳೆಯದೊಂದು ಲೇತ್, ಅದರ ಪಕ್ಕಕ್ಕೆ ಒಂದು ಪಿಲ್ಲರ್ ಡ್ರಿಲ್ ಕೊಳ್ಳಬೇಕು. ಮಿಲ್ಲಿಂಗನ್ನು ಹತ್ತಿರದ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯಲ್ಲಿ ಜಾಬ್ ವರ್ಕ್ ಮಾಡಿಸಿಕೊಳ್ಳಬೇಕು. ಹೀಗೆನ್ನಲು ಯಂತ್ರದ ರಚನೆಯಿಂದ ಬರುವ ಕಾರಣಗಳಿವೆ, ಈ ಊರಿನ ನೆಲೆಯಿಂದ ಬರುವ ಕಾರಣವೂ ಇದೆ. ನನ್ನ ಮಟ್ಟಿಗೆ ಊರಿನ ಕಾರಣವೇ ಹೆಚ್ಚು ಬಲವಾದದ್ದು.

ಮೊದಲು ಯಂತ್ರವನ್ನೇ ನೋಡೋಣ. ತ್ರೀ-ಇನ್-ಒನ್‌ನಲ್ಲಿ ಲೇತ್‌ನ ಹೆಡ್‌ಸ್ಟಾಕ್ ಮೇಲೆ ಒಂದು ಕಂಬ ಎದ್ದು ನಿಂತು, ಅದರ ತುದಿಗೆ ಮಿಲ್ಲಿಂಗ್ ಹೆಡ್ ಕೂತಿರುತ್ತದೆ. ಲೇತ್‌ನ ಕ್ರಾಸ್ ಸ್ಲೈಡ್‌ನ ಮೇಲ್ಮೈಯೇ ಮಿಲ್ಲಿಂಗ್ ಟೇಬಲ್. ಅಂದರೆ ಕಟರ್‌ಗೂ ಕೆಲಸಕ್ಕೂ ನಡುವೆ ಕಂಬ, ಹೆಡ್‌ಸ್ಟಾಕ್, ಬೆಡ್, ಕ್ಯಾರೇಜ್, ಕ್ರಾಸ್ ಸ್ಲೈಡ್ ಎಂಬ ಉದ್ದದ ಸಾಲೊಂದು ನಿಲ್ಲುತ್ತದೆ. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ಸಡಿಲವಿದ್ದರೂ ಅವೆಲ್ಲ ಸೇರಿ ಕಟರ್‌ನ ತುದಿಯಲ್ಲಿ ನಡುಕವಾಗಿ ಹೊರಬೀಳುತ್ತವೆ. ಇಲ್ಲಿ ಲೆಕ್ಕ ಬಹಳ ನಿಷ್ಠುರ. ಒಂದು ತುದಿಯಲ್ಲಿ ಹಿಡಿದ ಸರಳಿನ ಬಾಗು ಅದರ ಚಾಚಿನ ಘನಕ್ಕೆ ತಕ್ಕಂತೆ ಏರುತ್ತದೆ. ಚಾಚು ಎರಡರಷ್ಟಾದರೆ ಬಾಗು ಎಂಟರಷ್ಟು. ದುಂಡು ಕಂಬದ ಬಿಗುವು ಅದರ ವ್ಯಾಸದ ನಾಲ್ಕನೇ ಘಾತವನ್ನು ಹಿಂಬಾಲಿಸುತ್ತದೆ. 100 ಮಿಲಿಮೀಟರ್ ಇರಬೇಕಾದಲ್ಲಿ 70 ಮಿಲಿಮೀಟರಿನ ಕಂಬ ಹಾಕಿದರೆ ಉಳಿಯುವ ಬಿಗುವು ಸುಮಾರು ಕಾಲುಭಾಗ ಮಾತ್ರ. ಬಿಡಿ ಮಿಲ್ಲಿಂಗ್ ಮೆಷಿನ್ ಕಟ್ಟುವವನು ಎರಕದ ಕಬ್ಬಿಣದ ಭಾರವನ್ನೆಲ್ಲ ಈ ಒಂದು ಕೆಲಸಕ್ಕೆಂದೇ ಸುರಿಯುತ್ತಾನೆ. ಎಲ್ಲವನ್ನೂ ಹೊರಬೇಕಾದ ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ದುಂಡು ಕಂಬದಲ್ಲಿ ಇನ್ನೊಂದು ತೊಡಕೂ ಇದೆ. ಉದ್ದದ ಡ್ರಿಲ್ ಬಿಟ್ ಹಾಕಲು ಹೆಡ್ ಮೇಲೆತ್ತಿದರೆ ಅದು ಕಂಬದ ಸುತ್ತ ತಿರುಗಿ, ಹೊಂದಿಸಿಟ್ಟ ಸೆಂಟರ್ ಕೈತಪ್ಪುತ್ತದೆ.

ಮಿಲ್ಲಿಂಗ್ ಸಪೂರವಾದರೂ ಲೇತ್ ಆದರೂ ಗಟ್ಟಿ ಇರಬಹುದಲ್ಲ ಎಂದರೆ, ಅಲ್ಲೂ ರಾಜಿಯಾಗಿದೆ. ಕ್ರಾಸ್ ಸ್ಲೈಡ್ ಮೇಲೆ ವೈಸ್ ಇಟ್ಟು ಮಿಲ್ಲಿಂಗ್ ಮಾಡಲು ಎತ್ತರ ಬೇಕು. ಹಾಗಾಗಿ ಈ ಯಂತ್ರಗಳಲ್ಲಿ ಸ್ವಿಂಗ್, ಅಂದರೆ ಬೆಡ್ ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ, 400 ಮಿಲಿಮೀಟರ್ ದಾಟಿರುತ್ತದೆ, ಆದರೆ ಎರಡು ಸೆಂಟರ್‌ಗಳ ನಡುವಿನ ಉದ್ದ 500 ಮಿಲಿಮೀಟರಿನ ಆಸುಪಾಸು. ದೊಡ್ಡ ಸ್ವಿಂಗ್ ಎಂದು ಕೊಳ್ಳುವವನು ಹಿಗ್ಗುತ್ತಾನೆ. ಅದರ ಬೆಲೆ ಟೂಲ್ ಪೋಸ್ಟ್‌ನಲ್ಲಿ ಸಂದಾಯವಾಗುತ್ತದೆ. ಸೆಂಟರ್ ಎತ್ತರವಾದಷ್ಟೂ ಟೂಲ್ ಪೋಸ್ಟ್ ಕಾಲು ಎತ್ತಿ ನಿಲ್ಲಬೇಕು, ಎತ್ತರಕ್ಕೆ ನಿಂತ ಟೂಲ್ ಗಟ್ಟಿ ಉಕ್ಕಿಗೆ ತಾಗಿದಾಗ ಬಾಗುತ್ತದೆ. ವೇಗದ ಮಾತೂ ಹೀಗೆಯೇ. 150 ಮಿಲಿಮೀಟರ್ ವ್ಯಾಸದ ಎರಕದ ಫ್ಲೇಂಜನ್ನು ಹೈಸ್ಪೀಡ್ ಟೂಲ್‌ನಲ್ಲಿ ಮಿನಿಟಿಗೆ ಸುಮಾರು 20 ಮೀಟರ್ ವೇಗದಲ್ಲಿ ಫೇಸಿಂಗ್ ಮಾಡಬೇಕಾದರೆ ಚಕ್ ಮಿನಿಟಿಗೆ 42 ಸುತ್ತು ತಿರುಗಬೇಕು. ವೇಗ ತಗ್ಗಿಸುವ ಬ್ಯಾಕ್ ಗಿಯರ್ ಇರುವ ಹಳೆಯ ಲೇತ್‌ಗೆ ಅದು ಸಲೀಸು. ಹಲವು ತ್ರೀ-ಇನ್-ಒನ್‌ಗಳ ಅತಿ ಕಡಿಮೆ ವೇಗವೇ 150 ಸುತ್ತಿನ ಆಚೀಚೆ. ಅದರಲ್ಲಿ ಇದೇ ಫ್ಲೇಂಜಿನ ಅಂಚು ಮಿನಿಟಿಗೆ 70 ಮೀಟರ್ ಓಡುತ್ತದೆ, ಟೂಲ್‌ನ ಮೊನೆ ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಕಾರ್ಬೈಡ್ ಟೂಲ್ ಹಾಕಬಹುದಲ್ಲ ಎಂಬ ಮಾತಿದೆ. ಕಾರ್ಬೈಡ್ ಆ ವೇಗ ತಾಳುತ್ತದೆ, ನಿಜ. ಆದರೆ ಅದು ಬಯಸುವ ಬಿಗುವೂ ಮೋಟರ್‌ನ ಶಕ್ತಿಯೂ ಈ ಯಂತ್ರದಲ್ಲಿಲ್ಲ. ನಡುಗುವ ಮೆಷಿನ್‌ನಲ್ಲಿ ಕಾರ್ಬೈಡ್‌ನ ಮೊನೆ ಚಕ್ಕೆ ಏಳುತ್ತದೆ. ಥ್ರೆಡ್ ಕಟ್ ಮಾಡುವಾಗಲಂತೂ ಈ ವೇಗ ಅಪಾಯಕಾರಿ. ಭುಜದ ಹತ್ತಿರ ಬಂದ ಟೂಲನ್ನು ಹಿಂದೆಗೆಯಲು ಕೈಗೆ ಸಮಯವೇ ಸಿಗುವುದಿಲ್ಲ.

ಇಷ್ಟು ಸೂಕ್ಷ್ಮ ಮನೆಯ ಕೆಲಸಕ್ಕೆ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಪಂಪಿನ ಬೇರಿಂಗ್ ಕೂರುವ ಜಾಗಕ್ಕೆ ಮನೆ, ಕಾರ್ಖಾನೆ ಎಂಬ ಭೇದವಿಲ್ಲ. 25 ಮಿಲಿಮೀಟರಿನ ತೂತಿಗೆ ಎಚ್7 ಅಳತೆ ಎಂದರೆ ಒಟ್ಟು ಬಿಟ್ಟ ಅವಕಾಶ 0.021 ಮಿಲಿಮೀಟರ್. ಅದರಿಂದಾಚೆ ಹೋದರೆ ಬೇರಿಂಗ್ ಒಂದೋ ಒಳಗೆ ಹೋಗುವುದಿಲ್ಲ, ಇಲ್ಲವೇ ಗಡಗಡ ಅನ್ನುತ್ತದೆ.

ಯಂತ್ರ ಬದಲಿಸುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು, ನನಗೆ ಇದು ಬಿಗುವಿನಷ್ಟೇ ಮುಖ್ಯವಾದ ಸಂಗತಿ. ನಾಲ್ಕು ದವಡೆಯ ಚಕ್‌ನಲ್ಲಿ ಡಯಲ್ ಗೇಜ್ ಹಿಡಿದು ಸೆಂಟರ್ ಮಾಡಿದ ಶಾಫ್ಟ್ ಇದೆ ಎಂದುಕೊಳ್ಳಿ. ಮಧ್ಯದಲ್ಲಿ ಇನ್ನೊಂದು ತುಂಡಿಗೆ ಚಪ್ಪಟೆ ಮುಖ ಬೇಕಾಗುತ್ತದೆ. ತ್ರೀ-ಇನ್-ಒನ್‌ನಲ್ಲಿ ಟೂಲ್ ಪೋಸ್ಟ್ ಕಳಚಿ, ವೈಸ್ ಕೂರಿಸಿ, ಅದನ್ನು ಮತ್ತೆ ನೇರ ಮಾಡಬೇಕು. ಮುಗಿದ ಮೇಲೆ ವೈಸ್ ತೆಗೆದು ಟೂಲ್ ಪೋಸ್ಟನ್ನು ಹಿಂದಿನ ಜಾಗಕ್ಕೆ ತರಬೇಕು. ಕೆಲಸ ಹತ್ತು ಮಿನಿಟಿನದು, ಹೊಂದಿಕೆ ಒಂದು ಗಂಟೆಯದು. ದಿನಕ್ಕೆ ಒಂದೆರಡು ತಾಸು ಮಾತ್ರ ಹಟ್ಟಿಗೆ ಹೋಗಲು ಸಾಧ್ಯವಾಗುವವನಿಗೆ ಇದು ಬೇಸರ ತರುತ್ತದೆ, ಬೇಸರದಿಂದ ಅವಸರ, ಅವಸರದಿಂದ ತಪ್ಪು. ಬದಲಿಸುವ ತೊಂದರೆ ಬೇಡವೆಂದು ಕೊಳ್ಳುಗರು ಕಡೆಗೆ ಇದನ್ನು ಬರೀ ಲೇತ್ ಆಗಿಯೋ ಬರೀ ಡ್ರಿಲ್ ಆಗಿಯೋ ಬಳಸುವಂತಾದರೆ ಮೂರು ಯಂತ್ರಕ್ಕೆ ಕೊಟ್ಟ ದುಡ್ಡು ಒಂದರಲ್ಲಿ ಉಳಿಯಿತು ಎಂದರ್ಥ. ಅದಲ್ಲದೆ ಡ್ರಿಲ್ಲಿನಿಂದ, ಮಿಲ್ಲಿಂಗ್ ಕಟರಿನಿಂದ ಉದುರುವ ಚೂರುಗಳೆಲ್ಲ ನೇರ ಲೇತ್‌ನ ಬೆಡ್ ಮೇಲೆ, ಲೀಡ್ ಸ್ಕ್ರೂ ಮೇಲೆ ಬೀಳುತ್ತವೆ. ಎರಕದ ಕಬ್ಬಿಣದ ಪುಡಿ ಎಣ್ಣೆಯ ಜೊತೆ ಸೇರಿದರೆ ಉಜ್ಜುವ ಪೇಸ್ಟ್ ಆಗುತ್ತದೆ. ಒಂದು ಯಂತ್ರದ ಕಸ ಇನ್ನೊಂದರ ಆಯುಷ್ಯವನ್ನು ತಿನ್ನುವ ಏರ್ಪಾಡು ಇದು.

ಹಾಗಿದ್ದರೆ ಈ ಯಂತ್ರಗಳನ್ನು ಯಾಕೆ ಕಟ್ಟಿದರು, ಯಾರಿಗಾಗಿ ಕಟ್ಟಿದರು? ಇವು ಮೂರ್ಖರ ಸೃಷ್ಟಿಯಲ್ಲ. ಅಮೆರಿಕದಲ್ಲಿ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಎಂಬಾತ ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೆ ಮರಗೆಲಸಕ್ಕೆಂದು ಶಾಪ್‌ಸ್ಮಿತ್ ಎಂಬ ಐದು ಕೆಲಸದ ಯಂತ್ರ ರೂಪಿಸಿದ, ಅದು ಮನೆಮನೆಯ ಗ್ಯಾರೇಜ್ ಸೇರಿತು. ಮರ ಮೃದು, ಅಲ್ಲಿ ಅರ್ಧ ಮಿಲಿಮೀಟರ್ ಕ್ಷಮ್ಯ. ಆ ಯಶಸ್ಸನ್ನು ಲೋಹಕ್ಕೆ ಹಾಗೆಯೇ ಎತ್ತಿ ಹಾಕಲು ಬರುವುದಿಲ್ಲ. ಆಸ್ಟ್ರಿಯಾದ ಎಮ್ಕೋ ಕಂಪನಿ 1950ರ ದಶಕದಲ್ಲಿ ತಂದ ಯುನಿಮ್ಯಾಟ್ ಎಂಬ ಪುಟ್ಟ ಲೇತ್ ತನ್ನ ಹೆಡ್‌ಸ್ಟಾಕನ್ನು ಕಂಬಕ್ಕೇರಿಸಿ ಡ್ರಿಲ್ಲೂ ಮಿಲ್ಲೂ ಆಗುತ್ತಿತ್ತು. ಮಾಡೆಲ್ ಕಟ್ಟುವವರು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. ಅವರ ಕೆಲಸ ಬೆರಳುದ್ದದ ಹಿತ್ತಾಳೆಯದು. ಇನ್ನು ಹಡಗುಗಳು. ನಡುಸಮುದ್ರದಲ್ಲಿ ಎಂಜಿನ್ ರೂಮಿನವರಿಗೆ ಒಂದು ಪಿನ್ ಬೇಕಾದರೆ ಪಕ್ಕದ ಅಂಗಡಿ ಇಲ್ಲ, ಎರಡು ಯಂತ್ರಕ್ಕೆ ಜಾಗವೂ ಇಲ್ಲ. ಅಂಥಲ್ಲಿ ಎಲ್ಲ ಕೆಲಸವನ್ನೂ ಒಂದರಲ್ಲೇ ಹೇಗೋ ತೂಗಿಸುವ ಯಂತ್ರಕ್ಕೆ ನಿಜವಾದ ಅರ್ಥವಿದೆ. ನೂರಾರು ಮೈಲಿ ಬಯಲಿನ ನಡುವೆ ಒಂಟಿಯಾಗಿ ಬದುಕುವ ರೈತನಿಗೂ ಹಾಗೆಯೇ. ಈ ಉದಾಹರಣೆಗಳಲ್ಲಿ ಒಂದೋ ಲೋಹ ಸಣ್ಣದು, ಇಲ್ಲವೇ ನೆರೆಯಿಲ್ಲ. ನೆರೆಯ ಕೊರತೆಯನ್ನು ತುಂಬಲು ಹುಟ್ಟಿದ ಯಂತ್ರವನ್ನು ನೆರೆ ತುಂಬಿರುವ ಊರಿಗೆ ತರುವುದೇಕೆ?

ಬಜಪೆಯ ನೆರೆ ಎಂಥದ್ದೆಂದು ಒಮ್ಮೆ ಎಣಿಸಿ ನೋಡಬೇಕು. ಜೋಕಟ್ಟೆಯ ಕಡೆ ಇಳಿದರೆ ಬೈಕಂಪಾಡಿ ಕೈಗಾರಿಕಾ ಪ್ರದೇಶ. ಮಂಗಳೂರಿಗೆ ಹೋಗುವ ವಿಮಾನ ನಿಲ್ದಾಣ ರಸ್ತೆಯಲ್ಲಿ ಯೆಯ್ಯಾಡಿ ಕೈಗಾರಿಕಾ ವಸಾಹತು. ಅದರಾಚೆ 1946ರಲ್ಲಿ ಆರಂಭವಾದ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್, ತಲೆಮಾರುಗಳಿಗೆ ಮೆಷಿನ್ ಕಲಿಸಿದ ಸಂಸ್ಥೆ. ಈ ಕೌಶಲ ಇಂದು ನಿನ್ನೆಯದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಿಷನ್ ಇಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪನ್ನೂ ನಡೆಸಿತು. ಹಂಚು ಒತ್ತುವ ಯಂತ್ರ, ಅಕ್ಕಿ ಗಿರಣಿ, ದೋಣಿಯ ಎಂಜಿನ್, ಆಮೇಲೆ ಬಂದರು ಮತ್ತು ಭಾರೀ ಕಾರ್ಖಾನೆಗಳು, ಇವೆಲ್ಲದರ ರಿಪೇರಿಯನ್ನು ನಂಬಿ ಲೇತ್ ಅಂಗಡಿಗಳು ಬೆಳೆದವು. ಅಲ್ಲಿ ಮಿಲ್ಲಿಂಗ್ ಮೆಷಿನ್ ಇದೆ, ಶೇಪಿಂಗ್ ಇದೆ, ಸ್ಲಾಟಿಂಗ್ ಇದೆ, ಗ್ರೈಂಡಿಂಗ್ ಇದೆ. ಈ ಸ್ಲಾಟಿಂಗ್‌ನ ಮಾತು ಮುಖ್ಯ. ಪುಲ್ಲಿಯ ತೂತಿನ ಒಳಗೆ ಕೀವೇ ಕತ್ತರಿಸುವುದು ತೋಟದ ಯಂತ್ರಗಳ ರಿಪೇರಿಯಲ್ಲಿ ಪದೇಪದೇ ಬರುವ ಕೆಲಸ. ತ್ರೀ-ಇನ್-ಒನ್‌ನ ತಿರುಗುವ ಕಟರ್ ಅದನ್ನು ಮಾಡಲಾರದು. ಅಂದರೆ ಅದನ್ನು ಕೊಂಡವನೂ ಪುಲ್ಲಿ ಹಿಡಿದು ಬೈಕಂಪಾಡಿಗೆ ಹೋಗಲೇಬೇಕು. ಹೇಗೂ ಹೋಗಬೇಕಾದ ದಾರಿ ಅದು ಎಂದಾದರೆ ಮಿಲ್ಲಿಂಗ್ ತುಂಡನ್ನೂ ಅದೇ ಚೀಲದಲ್ಲಿ ಹಾಕಿಕೊಂಡು ಹೋಗುವುದರಲ್ಲಿ ನಷ್ಟವೇನು?

ಜಾಬ್ ವರ್ಕ್‌ನವರು ಒಂದು ತುಂಡಿನ ಕೆಲಸಕ್ಕೆ ಮುಖ ಕೊಡುವುದಿಲ್ಲ, ನಾಳೆ ಬನ್ನಿ ಎಂದು ಅಲೆಸುತ್ತಾರೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು. ಕಂಪನಿಯ ದೊಡ್ಡ ಆರ್ಡರ್ ಕೈಯಲ್ಲಿರುವಾಗ ತೋಟದ ಪಂಪಿನ ತುಂಡು ಮೂಲೆಗೆ ಬೀಳುವುದು ಸಹಜ. ಆದರೆ ಅಲೆದಾಟದ ಬಹುಪಾಲು ಕಾರಣ ಕೆಲಸ ಸಣ್ಣದು ಎಂಬುದಲ್ಲ, ಅದು ಅಸ್ಪಷ್ಟ ಎಂಬುದು. ಸವೆದ ಹಳೆಯ ಭಾಗವನ್ನು ಮೇಜಿನ ಮೇಲಿಟ್ಟು ‘ಇಂಥದ್ದೇ ಒಂದು’ ಎಂದವನಿಗೆ ಯಾರೂ ದಿನ ಹೇಳಲಾರರು, ಏಕೆಂದರೆ ಮೂಲ ಅಳತೆ ಊಹಿಸುವ ಹೊಣೆ ಅವರ ತಲೆಗೆ ಬೀಳುತ್ತದೆ. ಮನೆಯ ಲೇತ್‌ನಲ್ಲಿ ಹೊರಮೈ ತಿರುಗಿಸಿ, ಎರಡು ಮುಖ ಫೇಸಿಂಗ್ ಮಾಡಿ, ತೂತು ಬೋರಿಂಗ್ ಮುಗಿಸಿ, ಎಲ್ಲಿ ಎಷ್ಟು ಅಗಲ, ಎಷ್ಟು ಆಳ ಎಂದು ಕಾಗದದಲ್ಲಿ ಬರೆದು ಒಯ್ದವನ ಕೆಲಸ ಬೇರೆ. ಅಂಗಡಿಯವರಿಗೆ ಉಳಿಯುವುದು ಒಂದೇ ಹೊಂದಿಕೆ. ಮನೆಯ ಲೇತ್ ಒಳ್ಳೆಯದಿದ್ದಷ್ಟೂ ಹೊರಗಿನ ಕೆಲಸ ಸಲೀಸಾಗುವುದು ಹೀಗೆ. ನಾಲ್ಕಾರು ತುಂಡು ಕೂಡಿಸಿ ಒಟ್ಟಿಗೆ ಒಯ್ದರೆ ಓಡಾಟದ ಖರ್ಚೂ ಇಳಿಯುತ್ತದೆ.

ಸ್ವತಃ ಮಾಡುವ ಸಂತೋಷವನ್ನು ಬೇರೆಯವರ ಕೈಗೆ ಕೊಡುವುದು ಹೇಗೆ ಎಂಬುದು ಇದಕ್ಕಿಂತ ಆಳದ ಆಕ್ಷೇಪ. ಇದನ್ನು ನಾನು ಗೌರವಿಸುತ್ತೇನೆ. ಕಬ್ಬಿಣವನ್ನು ತನ್ನ ಕೈಯಾರೆ ರೂಪಕ್ಕೆ ತರುವ ತೃಪ್ತಿಗಾಗಿಯೇ ತಾನೇ ಹಟ್ಟಿ ಗುಡಿಸಿದ್ದು. ಆದರೆ ನಡುಗುವ ಹೆಡ್‌ನ ಕೆಳಗೆ ಅರೆಮಿಲಿಮೀಟರ್ ಅರೆಮಿಲಿಮೀಟರಾಗಿ ತಿನ್ನಿಸುತ್ತ, ಮುರಿದ ಎಂಡ್ ಮಿಲ್‌ಗಳನ್ನು ಎಣಿಸುವುದರಲ್ಲಿ ಆ ತೃಪ್ತಿ ಸಿಗುವುದಿಲ್ಲ. ಸಣ್ಣಪುಟ್ಟ ಮಿಲ್ಲಿಂಗ್ ಮನೆಯಲ್ಲೇ ಆಗಬೇಕೆಂದಿದ್ದರೆ ಹಳೆಯ ದಾರಿಯೊಂದಿದೆ. ಲೇತ್‌ನ ಕ್ರಾಸ್ ಸ್ಲೈಡ್‌ಗೆ ವರ್ಟಿಕಲ್ ಸ್ಲೈಡ್ ಕೂರಿಸಿ, ಕಟರನ್ನು ಸ್ಪಿಂಡಲ್‌ನಲ್ಲೇ ಹಿಡಿದು, ಕೆಲಸವನ್ನು ಅದರೆದುರು ಸರಿಸುವುದು. ಬ್ರಿಟನ್ನಿನ ಮಾಡೆಲ್ ಎಂಜಿನಿಯರ್‌ಗಳು ಮೈಫೋರ್ಡ್ ಲೇತ್‌ಗಳಲ್ಲಿ ಹೀಗೇ ದಶಕಗಟ್ಟಲೆ ಕೆಲಸ ತೆಗೆದರು. ಇಲ್ಲಿ ಕಟರನ್ನು ಹಿಡಿದಿರುವುದು ಯಂತ್ರದ ಅತ್ಯಂತ ಗಟ್ಟಿ ಬೇರಿಂಗ್, ಸಪೂರ ಕಂಬವಲ್ಲ. ಜಾಗ ಕಿರಿದು, ನಿಜ. ಹೊಂದಿಕೆಗೆ ಇಲ್ಲೂ ಹೊತ್ತು ಬೇಕು. ಆದರೆ ಇದಕ್ಕಾಗಿ ಲೇತನ್ನು ಕೆಡಿಸಬೇಕಾಗಿಲ್ಲ.

ಜಾಗ, ತುಕ್ಕು, ಕರೆಂಟ್ ಎಂಬ ಮೂರು ಆಕ್ಷೇಪಗಳನ್ನು ಬೇಗ ಮುಗಿಸಬಹುದು. ಹತ್ತು ಅಡಿ ಚೌಕದ ಹಟ್ಟಿಯಲ್ಲಿ ಸಣ್ಣ ಲೇತ್, ಪಿಲ್ಲರ್ ಡ್ರಿಲ್, ಬೆಂಚ್ ವೈಸ್ ಮೂರೂ ಕೂರುತ್ತವೆ. ಗ್ರೈಂಡರನ್ನು ಲೇತ್‌ನಿಂದ ದೂರ, ಸಾಧ್ಯವಾದರೆ ಗೋಡೆಯಾಚೆ ಇಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್ ಬಂತೆಂದರೆ ತೆರೆದ ಕಬ್ಬಿಣಕ್ಕೆಲ್ಲ ತುಕ್ಕಿನ ಭಯ, ಯಂತ್ರ ಒಂದಿದ್ದರೂ ಎರಡಿದ್ದರೂ. ದಪ್ಪ ಎಣ್ಣೆ ಸವರಿ, ಹತ್ತಿಬಟ್ಟೆ ಹೊದಿಸಿ, ವಾರಕ್ಕೊಮ್ಮೆ ನೋಡುವ ಅಭ್ಯಾಸವೇ ಮದ್ದು. ಪ್ಲಾಸ್ಟಿಕ್ ಮುಚ್ಚಿದರೆ ಒಳಗೇ ಬೆವರಿ ತುಕ್ಕು ಜೋರಾಗುತ್ತದೆ. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಒಂದು ಎಚ್‌ಪಿಯ, ಅಂದರೆ 746 ವಾಟ್‌ನ ಮೋಟರ್ ಸುಲಭವಾಗಿ ಓಡುತ್ತದೆ. ತ್ರೀ ಫೇಸ್ ಮೋಟರ್ ಇರುವ ಹಳೆಯ ಲೇತ್ ಸಿಕ್ಕರೆ ಸಿಂಗಲ್ ಫೇಸ್ ತಿಂದು ತ್ರೀ ಫೇಸ್ ಕೊಡುವ ಡ್ರೈವ್ ಹಾಕಬಹುದು, ಅದರಿಂದ ವೇಗವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ವೇಗ ಇಳಿಸಿದಷ್ಟೂ ಮೋಟರ್‌ನ ಶಕ್ತಿಯೂ ಇಳಿಯುವುದರಿಂದ ಬ್ಯಾಕ್ ಗಿಯರ್‌ಗೆ ಇದು ಬದಲಿಯಲ್ಲ.

ದುಡ್ಡಿನ ವಾದ ಇವಕ್ಕಿಂತ ಗಟ್ಟಿಯಾದದ್ದು. ಹೊಸದಾಗಿ ಮೂರು ಬಿಡಿ ಯಂತ್ರ ಕೊಂಡರೆ ಒಟ್ಟು ಮೊತ್ತ ತ್ರೀ-ಇನ್-ಒನ್‌ಗಿಂತ ಖಂಡಿತ ಹೆಚ್ಚು. ಆದರೆ ಮೂರನ್ನೂ ಒಂದೇ ದಿನ, ಹೊಸದೇ ಕೊಳ್ಳಬೇಕೆಂದು ಯಾರು ಹೇಳಿದರು? ಕರ್ನಾಟಕ ಯಂತ್ರೋಪಕರಣಗಳ ತವರು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಲೇತ್ ಮಾಡಲು ತೊಡಗಿತು. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅಲ್ಲಿ ಎರಕವಾದ ಬೆಡ್‌ಗಳು ರಾಜ್ಯದ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿವೆ, ಆಗಾಗ ಮಾರಾಟಕ್ಕೂ ಬರುತ್ತವೆ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ್‌ನ ಹಗುರ ಲೇತ್‌ಗಳೂ ಹಳೆಯದರಲ್ಲಿ ಸಿಗುತ್ತವೆ. ಇವಕ್ಕೆ ಬೇಕಾದ ಚಕ್, ಬೆಲ್ಟ್, ಗಿಯರ್ ಎಲ್ಲೆಡೆ ಸಿಗುತ್ತದೆ, ಐಟಿಐನಲ್ಲಿ ಟರ್ನರ್ ಕಲಿತ ಯಾರೇ ಆಗಲಿ ಇವನ್ನು ಬಿಚ್ಚಿ ಜೋಡಿಸಬಲ್ಲರು. ಮಾರಬೇಕಾಗಿ ಬಂದರೂ ಬಿಡಿ ಲೇತ್‌ಗೆ ಗಿರಾಕಿ ಇದ್ದೇ ಇರುತ್ತಾನೆ. ತ್ರೀ-ಇನ್-ಒನ್ ಕೆಟ್ಟರೆ ಮೂರೂ ಕೆಲಸ ನಿಲ್ಲುತ್ತವೆ, ವಿದೇಶಿ ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಬಿಡಿಭಾಗಕ್ಕೆ ಕಾಯುತ್ತ ಕೂರಬೇಕು.

ತ್ರೀ-ಇನ್-ಒನ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಫ್ಲಾಟಿನಲ್ಲಿ ಒಂದು ಮೂಲೆಯಷ್ಟೇ ಸಿಗುವ, ಅಲ್ಯೂಮಿನಿಯಂ, ಹಿತ್ತಾಳೆಯ ಸಣ್ಣ ಮಾಡೆಲ್ ಮಾಡುವವನಿಗೆ ಮೇಜಿನ ಮೇಲಿನ ಸಣ್ಣ ಸಂಯುಕ್ತ ಯಂತ್ರ ಒಪ್ಪುತ್ತದೆ. ಚಕ್‌ನಲ್ಲಿ ಹಿಡಿದ ಶಾಫ್ಟನ್ನು ಬಿಚ್ಚದೆಯೇ ಮೇಲಿನ ಹೆಡ್‌ನಿಂದ ಅಡ್ಡ ತೂತು ಕೊರೆಯುವುದು ಬಿಡಿ ಲೇತ್‌ನಲ್ಲಿ ಅಷ್ಟು ಸುಲಭವಲ್ಲ, ಈ ಗುಣವನ್ನು ಮೆಚ್ಚಲೇಬೇಕು. ಕೆಲಸ ಪ್ರಧಾನವಾಗಿ ಅಂಥದ್ದೇ ಆಗಿದ್ದರೆ ಲೆಕ್ಕ ಬೇರೆ. ನನ್ನ ಮಾತು ಪಂಪು, ಶಾಫ್ಟು, ಪುಲ್ಲಿಗಳ ನಡುವೆ ಬದುಕುವ ಬಜಪೆಯ ಹಟ್ಟಿಗೆ ಸಂಬಂಧಿಸಿದ್ದು.

ಅಂಥವನು ಹಳೆಯ ಲೇತ್ ನೋಡಲು ಹೋದಾಗ ಬಣ್ಣಕ್ಕೆ ಮರುಳಾಗದಿರಲಿ. ಬೆಡ್ ಹೆಚ್ಚು ಸವೆಯುವುದು ಚಕ್‌ನ ಹತ್ತಿರ. ಅಲ್ಲಿ ಬಿಗಿಯಾಗಿ ಹೊಂದಿಸಿದ ಕ್ಯಾರೇಜನ್ನು ಟೇಲ್‌ಸ್ಟಾಕ್ ಕಡೆ ತಳ್ಳಿದಾಗ ಅದು ಹಿಡಿದುಕೊಂಡರೆ ಸವೆತ ಎಷ್ಟೆಂದು ತಿಳಿಯುತ್ತದೆ. ಸ್ಪಿಂಡಲ್‌ಗೆ ಡಯಲ್ ಗೇಜ್ ಹಚ್ಚಿ ಸರಳಿನಿಂದ ಮೀಟಿ ನೋಡಬೇಕು. ಥ್ರೆಡ್ಡಿಂಗ್‌ನ ಬದಲಿ ಗಿಯರ್‌ಗಳ ಸೆಟ್ ಪೂರ್ತಿ ಇದೆಯೇ ಎಂದು ಒಂದೊಂದಾಗಿ ಎಣಿಸಬೇಕು, ಎಷ್ಟೋ ಮಾರಾಟಗಳಲ್ಲಿ ಕಳೆದುಹೋಗಿರುವುದು ಅದೇ. ಕಡೆಗೆ 25 ಮಿಲಿಮೀಟರಿನ ಸರಳೊಂದನ್ನು ಟೇಲ್‌ಸ್ಟಾಕ್ ಆಸರೆಯಿಲ್ಲದೆ ಚಕ್‌ನಿಂದ 100 ಮಿಲಿಮೀಟರ್ ಹೊರಗೆ ಹಿಡಿದು, ತೆಳುವಾದ ಕಟ್ ತೆಗೆದು, ಎರಡು ತುದಿಗಳನ್ನೂ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ವ್ಯತ್ಯಾಸ 0.02 ಮಿಲಿಮೀಟರಿನೊಳಗಿದ್ದರೆ ಲಾರಿ ಗೊತ್ತು ಮಾಡಬಹುದು.